ಕಿಟಕಿಯ ಕೆಳಗಿನ ಹಾಡು, ಬಾಲ್ಕನಿಯ ಮೇಲಿನ ಹಾಡು

ನಮ್ಮಲ್ಲಿ ದೇವರನ್ನು ಎಬ್ಬಿಸಲು ಸುಪ್ರಭಾತವಿದೆ, ಮಗುವನ್ನು ಮಲಗಿಸಲು ಜೋಗುಳವಿದೆ. ಯುರೋಪಿನವರಲ್ಲಿ ಇನ್ನೊಂದು ಬಗೆಯ ಹಾಡುಂಟು. ಸಂಜೆಯ ಹೊತ್ತು ಪ್ರಿಯತಮೆಯ ಕಿಟಕಿಯ ಕೆಳಗೆ ನಿಂತು ಹಾಡುವ ‘ಸೆರೆನೇಡ್’ ಅದು. ಫ್ರೆಂಚ್ ಸಂಗೀತಕಾರ ಶಾರ್ಲ್ ಗುನೋ (1818–1893) ವಿಕ್ಟರ್ ಹ್ಯೂಗೋನ ‘ಮೇರಿ ಟ್ಯೂಡರ್’ ನಾಟಕದ ಪದ್ಯವೊಂದಕ್ಕೆ ಸಂಗೀತ ಕೂಡಿಸಿ ರಚಿಸಿದ ಸೆರೆನೇಡ್ ಬಹಳ ಹೆಸರಾದದ್ದು. ನಲ್ಲೆ ಹಾಡುವುದು, ನಗುವುದು, ನಿದ್ರಿಸುವುದು: ಮೂರು ನುಡಿಗಳಲ್ಲಿ ಇಷ್ಟೇ ವಿಷಯ. ಲಯವೋ ತೊಟ್ಟಿಲು ತೂಗಿದಂತೆ.

ಅದೇ ಗುನೋ, 1859ರಲ್ಲಿ ಪ್ಯಾರಿಸ್ಸಿನಲ್ಲಿ ರಂಗವೇರಿದ ತನ್ನ ‘ಫೌಸ್ಟ್’ ಆಪೆರಾದಲ್ಲಿ ಸೆರೆನೇಡನ್ನು ತಲೆಕೆಳಗು ಮಾಡಿದ. ಅಲ್ಲಿ ನಾಯಕಿ ಮಾರ್ಗರೀಟಳ ಕಿಟಕಿಯ ಕೆಳಗೆ ಹಾಡುವವನು ಪ್ರಿಯಕರನಲ್ಲ, ಸೈತಾನ. ಹಾಡಿನಲ್ಲಿರುವುದು ಒಲವಲ್ಲ, ಅಣಕ.

ಈ ಮಾರ್ಗರೀಟಳ ಪಾತ್ರಕ್ಕೆ ಹೆಸರಾದ ಗಾಯಕಿಯರಲ್ಲಿ ಒಬ್ಬಳು ನಾವಿರುವ ಸ್ವೀಡನ್ನಿನ ಮಗಳು. ಕ್ರಿಸ್ಟೀನಾ ನಿಲ್ಸನ್ 1843ರಲ್ಲಿ ಸ್ಮೋಲಾಂಡಿನ ವೆಕ್ಷೋ ಬಳಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದಳು. ಜಾತ್ರೆಗಳಲ್ಲಿ ಪಿಟೀಲು ನುಡಿಸಿ ಹಾಡುತ್ತಿದ್ದ ಹುಡುಗಿ 1864ರಲ್ಲಿ ಪ್ಯಾರಿಸ್ಸಿನ ರಂಗ ಹತ್ತಿದಳು. 1883ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ‘ಫೌಸ್ಟ್’ನಿಂದಲೇ ಬಾಗಿಲು ತೆರೆದಾಗ ಮಾರ್ಗರೀಟ ಆಕೆಯೇ.

1885ರ ಸೆಪ್ಟೆಂಬರ್ 23ರ ಸಂಜೆ ಸ್ಟಾಕ್‌ಹೋಮಿನ ಗ್ರ್ಯಾಂಡ್ ಹೋಟೆಲಿನ ಬಾಲ್ಕನಿಯಿಂದ ಕ್ರಿಸ್ಟೀನಾ ಜನರಿಗಾಗಿ ಹಾಡಿದಳು. ಇದು ತಿರುವುಮುರುವಾದ ಸೆರೆನೇಡ್: ಹಾಡುವವಳು ಮೇಲೆ, ಮನಸೋತವರು ಕೆಳಗೆ. ಅರಮನೆಗೆ ಎದುರಾಗಿ ನೀರಿನ ದಂಡೆಯ ಮೇಲೆ ಹತ್ತಾರು ಸಾವಿರ ಜನ ಸೇರಿದ್ದರು. ಆಗ ಧ್ವನಿವರ್ಧಕವಿರಲಿಲ್ಲ, ಕೇಳಬೇಕಾದರೆ ಹತ್ತಿರ ಬರಲೇಬೇಕು. ಹಾಡು ಮುಗಿದು ಜನ ಚದುರುವಾಗ ನೂಕುನುಗ್ಗಲಾಗಿ ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಅಭಿಮಾನದಿಂದ ಬಂದವರು, ಯಾರಿಗೂ ಕೇಡು ಬಯಸದವರು.

ಇಂಥ ಸಾವಿಗೆ ‘ಕಾಲ್ತುಳಿತ’ ಎನ್ನುವುದು ರೂಢಿ. ವೈದ್ಯರಾದ ನಾವು ಒಂದು ಮಾತು ಹೇಳಬೇಕು. ಕಾಲಡಿ ಸಿಕ್ಕಿ ಸಾಯುವವರಿಗಿಂತ ಉಸಿರುಕಟ್ಟಿ ಸಾಯುವವರೇ ಹೆಚ್ಚು. ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿ ನಿಂತರೆ ಗುಂಪು ನೀರಿನಂತೆ ತೊನೆಯುತ್ತದೆ. ಯಾರೂ ತಮ್ಮ ಇಚ್ಛೆಯಂತೆ ಹೆಜ್ಜೆಯಿಡಲಾರರು. ಮುಂದಿನವರ ಎದೆಗೂಡು ಹಿಗ್ಗಲಾರದೆ ನಿಂತಲ್ಲೇ ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಹಿಂದಿನಿಂದ ತಳ್ಳುವವರಿಗೆ ಇದರ ಸುಳಿವೇ ಇರುವುದಿಲ್ಲ. ಆದ್ದರಿಂದ ‘ಜನ ಶಿಸ್ತಿಲ್ಲದವರು’ ಎಂದು ಸತ್ತವರನ್ನೇ ದೂರುವುದು ನ್ಯಾಯವಲ್ಲ. ಜಾಗ, ದಾರಿ, ಬಾಗಿಲು ಇವುಗಳ ಲೆಕ್ಕವನ್ನು ಕರೆದವರು ಮೊದಲೇ ಹಾಕಬೇಕು.

ಇದನ್ನು ಹಳೆಯ ಕಥೆ ಎಂದು ಬದಿಗಿಡುವಂತಿಲ್ಲ. 140 ವರ್ಷಗಳ ನಂತರ, 2025ರ ಜೂನ್ 4ರಂದು, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದ 11 ಜನ ಹೀಗೆಯೇ ಪ್ರಾಣ ಕಳೆದುಕೊಂಡರು. ದೂರದಲ್ಲಿ ಕುಳಿತ ನಮ್ಮ ಮನೆಗಳಲ್ಲೂ ಅಂದು ಫೋನುಗಳು ನಿಲ್ಲದೆ ಬಾರಿಸಿದವು.

ನಮ್ಮ ಯುಗಾದಿ, ರಾಜ್ಯೋತ್ಸವಗಳಿಗೆ ಸೇರುವವರು ಕೆಲವು ನೂರು ಮಂದಿ ಮಾತ್ರ, ನಿಜ. ಆದರೂ ಹಾಲಿನ ಎರಡನೆಯ ಬಾಗಿಲಿಗೆ ಕುರ್ಚಿ, ಊಟದ ಮೇಜು, ಮಕ್ಕಳ ತಳ್ಳುಗಾಡಿ ಅಡ್ಡ ಇಡದಿರೋಣ. ಸಂಗೀತ ಮುಗಿದ ಕೂಡಲೇ ಎಲ್ಲರೂ ಒಮ್ಮೆಗೇ ಊಟದ ಕೋಣೆಗೆ ನುಗ್ಗದೆ, ಮಕ್ಕಳೂ ಹಿರಿಯರೂ ಮೊದಲು ಹೋಗಲಿ. ಗ್ರ್ಯಾಂಡ್ ಹೋಟೆಲಿನ ಮುಂದೆ ಹಾಯುವಾಗ ಮಕ್ಕಳಿಗೆ ಆ ಗಾಯಕಿಯ ಕಥೆ ಹೇಳಿರಿ. ಕೇಳಲು ಬಂದು ಮನೆಗೆ ಮರಳದವರದ್ದನ್ನೂ ಹೇಳಿರಿ.