ಮನೆಯಂಗಳದ ಹಾಲಕ್ಕಿ: ಲೆಕ್ಕಕ್ಕೆ ಸಿಗದ ಅಪಾಯಗಳು

ಕರ್ನಾಟಕದ ಊರುಕೇರಿಗಳಲ್ಲಿ ಮನುಷ್ಯರಿಗೆ ತೀರ ಹತ್ತಿರವಾಗಿ ಬದುಕುವ ಗೂಬೆ ಹಾಲಕ್ಕಿ (ಅಥೀನೆ ಬ್ರಾಮಾ). 1821ರಲ್ಲಿ ಡಚ್ ಪ್ರಾಣಿವಿಜ್ಞಾನಿ ಟೆಮಿಂಕ್ ಹೆಸರಿಸಿದ ಈ ಹಕ್ಕಿಯ ಉದ್ದ ಸುಮಾರು 21 ಸೆಂ.ಮೀ. ಅಳಿವಿನಂಚಿನ ಪ್ರಭೇದಗಳ ಸಾಲಿನಲ್ಲಿ ಇದು ಇಲ್ಲ. ಬಹುಶಃ ಅದಕ್ಕೇ ಇದರ ಸಾವಿನ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಗೂಬೆಗಳ ಸಂರಕ್ಷಣೆಯ ಚರ್ಚೆ ನಮ್ಮಲ್ಲಿ ಹೆಚ್ಚಾಗಿ ಮೂಢನಂಬಿಕೆಯ ಸುತ್ತಲೇ ನಡೆಯುತ್ತದೆ. ಅದಕ್ಕೆ ಆಧಾರವೂ ಇದೆ. ಭಾರತದ 30 ಗೂಬೆ ಪ್ರಭೇದಗಳಲ್ಲಿ 15 ಕಳ್ಳವ್ಯಾಪಾರದಲ್ಲಿರುವುದನ್ನು ವನ್ಯಜೀವಿ ವ್ಯಾಪಾರದ ಮೇಲೆ ನಿಗಾ ಇಡುವ ಟ್ರಾಫಿಕ್ ಇಂಡಿಯಾ ಸಂಸ್ಥೆಯ 2010ರ ವರದಿ ದಾಖಲಿಸಿತು, ಹಾಲಕ್ಕಿಯೂ ಅದರಲ್ಲಿತ್ತು. ಆದರೆ ಕನ್ನಡ ಜನಪದದಲ್ಲಿ ಹಾಲಕ್ಕಿಯ ನುಡಿ ಶುಭಶಕುನ. ಬುಡುಬುಡಿಕೆಯವರು ಮನೆಬಾಗಿಲಲ್ಲಿ ಭವಿಷ್ಯ ಹೇಳುವುದು ಅದರ ಹೆಸರಿನಲ್ಲೇ. ಮನೆಯ ಆಸುಪಾಸಿನ ಹಾಲಕ್ಕಿಗೆ ಜನರ ಭಯಕ್ಕಿಂತ ಅವರ ಅಚ್ಚುಕಟ್ಟುತನವೇ ಹೆಚ್ಚು ಮಾರಕ ಎಂಬುದು ನನ್ನ ವಾದ.

ಹಾಲಕ್ಕಿ ತಾನಾಗಿ ಪೊಟರೆ ಕೊರೆಯಲಾರದು. ಹಳೆಯ ಆಲ, ಮಾವು, ಹುಣಸೆ ಮರಗಳ ಟೊಳ್ಳು, ಮರಕುಟಿಗ ಬಿಟ್ಟುಹೋದ ತೂತು, ಪಾಳುಗೋಡೆಯ ಸಂದು ಅದಕ್ಕೆ ಬೇಕು. ಇವಕ್ಕಾಗಿ ಗಿಳಿ, ಗೊರವಂಕಗಳೊಡನೆ ಪೈಪೋಟಿ ಬೇರೆ. ಟೊಳ್ಳು ಮರ ಅಪಾಯವೆಂದು ಕಡಿಸುತ್ತೇವೆ, ಗೋಡೆಗೆ ಗಿಲಾವು ಬಳಿಸುತ್ತೇವೆ. ಎಳೆಯ ಸಸಿ ನೆಟ್ಟರೆ ಈ ನಷ್ಟ ತುಂಬುವುದಿಲ್ಲ. ಪೊಟರೆಯಾಗಲು ಮರಕ್ಕೆ ವಯಸ್ಸಾಗಬೇಕು.

ಇದಕ್ಕಿಂತ ಗೂಢವಾದದ್ದು ಇಲಿಪಾಷಾಣ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ದೇಹದಲ್ಲಿ ‘ಕೆ’ ಜೀವಸತ್ವದ ಕೆಲಸವನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯದು. ಕೆಲವು ದಿನ ನಿತ್ರಾಣವಾಗಿ ಬಯಲಲ್ಲಿ ತೆವಳುತ್ತದೆ, ಅಂದರೆ ಬೇಟೆಗೆ ಸುಲಭವಾಗಿ ಸಿಗುತ್ತದೆ. ವಿಷ ಇಲಿಯ ಯಕೃತ್ತಿನಲ್ಲಿ ಉಳಿದು, ಅದನ್ನು ನುಂಗಿದ ಹಕ್ಕಿಯ ಯಕೃತ್ತಿನಲ್ಲೂ ಸೇರಿಕೊಳ್ಳುತ್ತದೆ. ಹಾಲಕ್ಕಿಯ ಮುಖ್ಯ ಆಹಾರ ಕೀಟಗಳೇ ಆದರೂ ಇಲಿ ಸಿಕ್ಕರೆ ಬಿಡದು. ಸತ್ತ ಹಕ್ಕಿಯ ಮೈಮೇಲೆ ಗಾಯ ಕಾಣದಿರಬಹುದು, ಹಾಗಾಗಿ ವಿಷದ ಮೇಲೆ ಅನುಮಾನವೂ ಬಾರದು. ಜಿಂಕ್ ಫಾಸ್ಫೈಡ್ ಹೀಗೆ ಅಂಗಾಂಶದಲ್ಲಿ ಶೇಖರವಾಗದು ನಿಜ; ಆದರೆ ಮಕ್ಕಳಿಗೂ ನಾಯಿಗಳಿಗೂ ಅದು ಪ್ರಾಣಾಂತಕ, ಶಿಫಾರಸು ಮಾಡುವಂಥದ್ದಲ್ಲ.

ಬೀದಿದೀಪಕ್ಕೆ ಮುತ್ತುವ ಹುಳುಗಳ ಆಸೆಗೆ ರಸ್ತೆಗಿಳಿದು ವಾಹನಕ್ಕೆ ಸಿಕ್ಕುವುದು, ಹಾರಲು ಕಲಿಯುತ್ತ ನೆಲಕ್ಕೆ ಬಿದ್ದ ಮರಿ ಬೆಕ್ಕಿನ ಪಾಲಾಗುವುದು ಎಲ್ಲರೂ ಬಲ್ಲ ಸಂಗತಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಲಕ್ಕಿಯನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿದೆ. ಅಡುಗೆಮನೆಯ ಮೂಲೆಯಲ್ಲಿಟ್ಟ ಪಾಷಾಣದವರೆಗೆ ಅದರ ಕೈ ಚಾಚುವುದು ಕಷ್ಟ. ಇಲಿಕಾಟಕ್ಕೆ ಬೋನು ಇಡಿ. ಹಳೆಯ ಮರದ ಕೊಂಬೆ ಕಡಿಸಲೇಬೇಕಾದರೆ ಗೂಡು ಕಟ್ಟುವ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ತಡೆಯಿರಿ.