ಬಿದಿರ ಬುಡದ ಮುಳ್ಳು

ನಮ್ಮ ಶಾಲೆಗೆ 50 ತುಂಬಿತು. ನಮ್ಮ ಉತ್ತರ ಕನ್ನಡದ ಕಾಡಿನ ಹೆಬ್ಬಿದಿರಿನ ಲೆಕ್ಕದಲ್ಲಿ ಇದು ಸುಮಾರು ಒಂದೂವರೆ ತಲೆಮಾರು. ಪಶ್ಚಿಮ ಕರಾವಳಿಯ ಸೀಮೆಯಲ್ಲಿ ಈ ಬಿದಿರು 1804, 1836, 1868ರಲ್ಲಿ ಹೂ ಬಿಟ್ಟಿತೆಂದು ದಾಖಲೆಯಿದೆ. ಅಂದರೆ 32 ವರ್ಷಕ್ಕೊಮ್ಮೆ. ಹೂ ಬಿಟ್ಟ ಮೆಳೆ ಒಣಗಿ ಸಾಯುತ್ತದೆ. ಅದೂ ಒಂದೆರಡಲ್ಲ, ಸೀಮೆಗೆ ಸೀಮೆಯೇ ಒಟ್ಟಿಗೆ. ಆಗ ಉದುರುವ ಬಿದಿರಕ್ಕಿ ಇಲಿ, ಕಾಡುಕೋಳಿ, ಮನುಷ್ಯರು ಎಲ್ಲರೂ ತಿಂದರೂ ಮಿಕ್ಕುವಷ್ಟು. ಮಿಕ್ಕಿದ್ದು ಮೊಳೆತು ಮತ್ತೆ ಕಾಡಾಗುತ್ತದೆ. ಬಿದಿರು ಹೂ ಬಿಟ್ಟರೆ ಬರಗಾಲ ಎಂದು ಹಿರಿಯರು ಹೆದರುತ್ತಿದ್ದುದು ಬರೀ ಮೂಢನಂಬಿಕೆಯಲ್ಲ. ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಆಮೇಲೆ ಗದ್ದೆಗೂ ಕಣಜಕ್ಕೂ ನುಗ್ಗುತ್ತಿದ್ದವು.

ಇಂಥ ಸಾಮೂಹಿಕ ಸಾವನ್ನೇ ತಾಳಿಕೊಂಡ ಗಿಡ, ನಮ್ಮ ಕಾಲದಲ್ಲಿ ಸೋತದ್ದು ಬಹಳ ಸಣ್ಣ ಕಾರಣಕ್ಕೆ.

ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳಿಗೆ ಬಿದಿರು ಸಾಗುವಾನಿಗೆ ಅಡ್ಡಬರುವ ಕಳೆಯಾಗಿತ್ತು. ಅದರಿಂದ ಕಾಗದ ಮಾಡಬಹುದೆಂದು ಗೊತ್ತಾದ ಮೇಲೆ ಕಳೆಯೇ ಬೆಳೆಯಾಯಿತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಸರ್ಕಾರ ಅದಕ್ಕೆ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೆರಬೇಕಿತ್ತು. ಕಾರ್ಖಾನೆಯಿಂದ ಊಟ ಕಂಡ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಒಂದೂವರೆ ರೂಪಾಯಿಯ ಸರಕನ್ನು ಯಾರು ತಾನೇ ಜೋಪಾನ ಮಾಡುತ್ತಾರೆ?

ಬಿದಿರು ಸಿಗುತ್ತಿಲ್ಲವೆಂದು ಮೇದಾರರು ದೂರಿದ ಮೇಲೆ, 1975ರ ಸುಮಾರಿಗೆ ರಾಜ್ಯ ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಅಧ್ಯಯನ ಒಪ್ಪಿಸಿತು. ದನ ಮೇಯಿಸುವುದರಿಂದ, ಹಳ್ಳಿಯವರು ಕಡಿಯುವುದರಿಂದ ಬಿದಿರು ಹಾಳಾಗುತ್ತಿದೆ ಎಂಬುದು ಆಗಿನ ಮಾಮೂಲಿ ಮಾತು. ಹಳ್ಳಿಯವರು ಹೇಳಿದ್ದೇ ಬೇರೆ. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಗಂಟಿ ಇರುತ್ತದೆ. ಅದನ್ನು ಸವರಿದರೆ ಬಿದಿರು ಚೆನ್ನಾಗಿ ಬರುತ್ತದೆಂದು ನಂಬಿ, ಕಡಿಯುವಾಗ ಸವರಿ ಹಾಕುತ್ತಿದ್ದರು. ಆ ಮುಳ್ಳೇ ಮಳೆಗಾಲದಲ್ಲಿ ಮೇಲೇಳುವ ಕಳಲೆಗೆ ಬೇಲಿ, ಅದು ಹೋದರೆ ದನ, ಮುಸಿಯ, ಮುಳ್ಳುಹಂದಿ ಕಳಲೆಯನ್ನು ಉಳಿಸುವುದಿಲ್ಲ ಎಂದರು ಹಳ್ಳಿಯವರು. ಗಾಡ್ಗೀಳರ ತಂಡ ಮೆಳೆಗಳಲ್ಲಿ ಪರೀಕ್ಷಿಸಿ ನೋಡಿದಾಗ ಅವರ ಮಾತೇ ನಿಜವಾಯಿತು. ನಮ್ಮ ಸಾಫ್ಟ್‌ವೇರಿನಲ್ಲೂ ಹೀಗೆಯೇ: ಯಾಕಿದೆಯೋ ತಿಳಿಯದ ಹಳೆಯ ಸಾಲನ್ನು ಅಳಿಸುವ ಮುಂಚೆ, ಅದನ್ನು ಬರೆದವರನ್ನು ಹುಡುಕಿ ಕೇಳುತ್ತೇವೆ.

ದನ ಕಳಲೆ ತಿನ್ನುವುದು ಹೊಸದಲ್ಲ, ಕಡಿಯುವುದೂ ಹೊಸದಲ್ಲ. ಕಳಲೆ ಬೆಳೆದು ಗಳವಾಗುತ್ತಿರುವವರೆಗೆ ಮೆಳೆ ಎರಡನ್ನೂ ತಡೆದುಕೊಂಡಿತ್ತು. ಹಳೆಯದನ್ನು ಕಡಿದೊಯ್ದು, ಹೊಸದಕ್ಕೆ ಬೇಲಿಯೂ ಇಲ್ಲದಂತೆ ಮಾಡಿದಾಗ ಮೆಳೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಹೋಯಿತು.

ಹತ್ತಿರದ ಬಿದಿರು ಕಡಿಮೆಯಾದಾಗ ಕಾರ್ಖಾನೆ ದೂರದ ರಾಜ್ಯಗಳಿಂದ ತರಿಸಿತು, ನೀಲಗಿರಿಗೂ ತಿರುಗಿತು. ಮೇದಾರರಿಗೆ ಆ ದಾರಿ ಇರಲಿಲ್ಲ. ಅವರ ಮಕ್ಕಳಲ್ಲಿ ಹಲವರು ಗೌಂಡಿ ಕೆಲಸಕ್ಕೆ, ಪೇಟೆಗೆ ಹೋದರು. ಇಂದು ನಮ್ಮ ಸಂತೆಯಲ್ಲಿ ಬಿದಿರ ಮೊರಕ್ಕಿಂತ ಪ್ಲಾಸ್ಟಿಕ್ ಮೊರವೇ ಜಾಸ್ತಿ.