ಸೇನಾವೇಷದಲ್ಲಿ ಬೂಟು: ಅದರ ನಿಯಮಗಳೂ ಸಭಾಮರ್ಯಾದೆಯೂ

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ತಲಘಟ್ಟಪುರವೆಂಬ ಊರಿದೆ. ಈಗ ನಗರವು ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ೨೦೨೧ರಿಂದ ಮೆಟ್ರೋ ರೈಲೂ ಅಲ್ಲಿ ನಿಲ್ಲುತ್ತದೆ. ೧೭೯೯ರ ಮಾರ್ಚ್ ತಿಂಗಳಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋಗುವಾಗ ಹಿಡಿದುದು ಈ ದಾರಿಯನ್ನೇ. ಕನಕಪುರಕ್ಕೆ ಆಗ ಕಾನಕಾನಹಳ್ಳಿಯೆಂದು ಹೆಸರು. ಆ ದಂಡಯಾತ್ರೆಯ ಇಂಗ್ಲಿಷ್ ವೃತ್ತಾಂತಗಳಲ್ಲಿ ತಲಘಟ್ಟಪುರದ ಹೆಸರು ‘ತಲ್ಗಾಟ್‌ಪೋರಂ’ ಎಂದು ವಿರೂಪಗೊಂಡು ದೊರೆಯುತ್ತದೆ. ಆ ಸೈನ್ಯದಲ್ಲಿ ೩೩ನೆಯ ಪದಾತಿದಳದ ಅಧಿಪತಿಯಾಗಿ, ನಿಜಾಮನ ಸೇನೆಯ ಮೇಲ್ವಿಚಾರಣೆಯನ್ನೂ ವಹಿಸಿಕೊಂಡು ನಡೆದವನು ಆರ್ಥರ್ ವೆಲ್ಲೆಸ್ಲಿ. ಇವನೇ ೧೮೧೪ರಲ್ಲಿ ವೆಲಿಂಗ್ಟನ್ನಿನ ಡ್ಯೂಕ್ ಎಂಬ ಬಿರುದನ್ನು ಪಡೆದನು; ಯೂರೋಪಿನ ಸೇನಾವೇಷದ ಒಂದು ಬಗೆಯ ಬೂಟಿಗೆ ಇವನ ಹೆಸರೇ ನಿಂತಿತು. ಈ ಸೈನ್ಯದ ಹಿಂದೆಯೇ ಕನ್ನಡ ನಾಡಿಗೆ ಪಾದರಕ್ಷೆಯ ವಿಷಯದಲ್ಲಿ ಒಂದು ಹೊಸ ಮರ್ಯಾದೆಯು ಪ್ರವೇಶಿಸಿತು. ಹಳೆಯ ಮರ್ಯಾದೆಗೂ ಇದಕ್ಕೂ ಉಂಟಾದ ಘರ್ಷಣೆಯೇ ಪ್ರಕೃತ ವಿಚಾರದ ವಿಷಯ.

ಮೊದಲು ಆ ಬೂಟಿನ ನಿಯಮಗಳನ್ನು ತಿಳಿಯಬೇಕು. ವೆಲ್ಲೆಸ್ಲಿಯ ಕಾಲಕ್ಕೆ ಮುಂಚೆ ಯೂರೋಪಿನ ಅಧಿಕಾರಿಗಳಲ್ಲಿ ಹೆಸ್ಸಿಯನ್ ಎಂಬ ಬೂಟು ಪ್ರಚಾರದಲ್ಲಿತ್ತು. ಅದರ ಮೇಲಂಚಿನಲ್ಲಿ ಕುಚ್ಚು ತೂಗುತ್ತಿತ್ತು. ಕಾಲಿಗೆ ಅಂಟಿಕೊಂಡ ಷರಾಯಿಯ ಮೇಲೆ ಅದನ್ನು ತೊಡುತ್ತಿದ್ದರು. ವೆಲಿಂಗ್ಟನ್ ಲಂಡನ್ನಿನ ತನ್ನ ಬೂಟುಗಾರನಿಂದ ಕುಚ್ಚನ್ನು ತೆಗೆಯಿಸಿ, ಷರಾಯಿಯ ಒಳಗೆ ಅಡಗುವಂತೆ ಮೃದುವಾದ ತೊಗಲಿನ ಬೂಟನ್ನು ಮಾಡಿಸಿಕೊಂಡನೆಂದು ಪ್ರಸಿದ್ಧಿಯಿದೆ. ಇದರಿಂದ ವಿಧ್ಯುಕ್ತವಾದ ಸೇನಾವೇಷದಲ್ಲಿ ಎರಡು ಕ್ರಮಗಳು ನೆಲೆಗೊಂಡವು. ಕುದುರೆಯೇರಿ ಮೆರವಣಿಗೆಯಲ್ಲಿ ನಡೆಯುವಾಗ ಮೊಣಕಾಲಿನವರೆಗೆ ಬರುವ ಗಟ್ಟಿ ಬೂಟು ಷರಾಯಿಯ ಹೊರಗಿರಬೇಕು. ಔತಣಕ್ಕಾಗಲಿ ರಾಜಸಂದರ್ಶನಕ್ಕಾಗಲಿ ಹೋಗುವಾಗ, ಅಂಗಾಲಿನ ಕೆಳಗೆ ಪಟ್ಟಿಯಿಂದ ಬಿಗಿದ ನೀಳವಾದ ಷರಾಯಿಯೊಳಗೆ ವೆಲಿಂಗ್ಟನ್ ಬೂಟು ಅಡಗಿರಬೇಕು. ಕುದುರೆಯನ್ನು ತಿವಿಯುವ ಹಿಮ್ಮಡಿಮುಳ್ಳು ಅಶ್ವಾರೋಹಿಗಳಾದ ಅಧಿಕಾರಿಗಳಿಗೆ ಮಾತ್ರ ಸಲ್ಲುತ್ತಿತ್ತು. ಗಟ್ಟಿ ಬೂಟಿಗೆ ಅದನ್ನು ಪಟ್ಟಿಯಿಂದ ಕಟ್ಟುವರು, ಒಳಬೂಟಿಗೆ ಹಿಮ್ಮಡಿಯ ಗೂಡಿನಲ್ಲಿ ಸಿಕ್ಕಿಸುವರು. ಹೀಗೆ ಪದವಿ, ವಾಹನ, ಸಂದರ್ಭ ಇವು ಮೂರನ್ನೂ ನೋಡುವವರು ಕಾಲಿನಿಂದಲೇ ಓದಿಕೊಳ್ಳುವಂತಾಯಿತು. ಈ ನಿಯಮಗಳೆಲ್ಲಕ್ಕೂ ಆಧಾರವಾದ ಒಂದು ಭಾವನೆಯುಂಟು: ದೊರೆಯ ಮುಂದೆ ತಲೆಯನ್ನು ಬರಿದು ಮಾಡುವುದು ಗೌರವ, ಕಾಲನ್ನು ಬರಿದು ಮಾಡುವುದು ಅಪಮಾನ.

ಭಾರತೀಯರ ಸಂಪ್ರದಾಯವು ಇದಕ್ಕೆ ವಿಪರೀತವಾದುದು. ಆದರೆ ನಮ್ಮ ಪೂರ್ವಿಕರು ಪಾದರಕ್ಷೆಯನ್ನು ಹೀನವೆಂದೆಣಿಸಿದರೆನ್ನುವುದು ಸರಿಯಾಗದು. ರಾಜಸೂಯ ಪ್ರಕರಣದಲ್ಲಿ ಶತಪಥ ಬ್ರಾಹ್ಮಣವು ರಾಜನಿಗೆ ವರಾಹಚರ್ಮದ ಉಪಾನಹಗಳನ್ನು ವಿಧಿಸುತ್ತದೆ. ಆ ಯಾಗವನ್ನು ಮಾಡಿದವನು ಬರಿಗಾಲಿನಲ್ಲಿ ನೆಲದ ಮೇಲೆ ನಿಲ್ಲಬಾರದೆಂಬ ವ್ರತವನ್ನೂ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಅರಸನ ಉಪಭೋಗಗಳಲ್ಲಿ ಪಾದುಕಾಭೋಗವೆಂಬುದನ್ನು ಬೇರೆಯಾಗಿಯೇ ಎಣಿಸಿದೆ. ಭರತನು ಸಿಂಹಾಸನದ ಮೇಲೆ ಇರಿಸಿದುದು ಅಣ್ಣನ ಪಾದುಕೆಗಳನ್ನೇ. ಪಾದರಕ್ಷೆಯು ಒಡೆಯನ ಅಧಿಕಾರದ ಚಿಹ್ನೆಯಾಗಿತ್ತು. ಆ ಕಾರಣದಿಂದಲೇ ಒಡೆಯನ ಸನ್ನಿಧಿಯಲ್ಲಿ ಇತರರು ತಮ್ಮದನ್ನು ಹೊರಗೆ ಬಿಡುವುದು ವಿನಯದ ಚಿಹ್ನೆಯಾಯಿತು.

ಬೂಟು ಈ ದೇಶಕ್ಕೆ ಅಪರಿಚಿತವೂ ಆಗಿರಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯು ಸೂರ್ಯಪ್ರತಿಮೆಗೆ ಉದೀಚ್ಯವೇಷವನ್ನು, ಎಂದರೆ ಉತ್ತರ ದೇಶದವರ ಉಡುಪನ್ನು ವಿಧಿಸಿ, ಪಾದದಿಂದ ಎದೆಯವರೆಗೆ ಮೈಯು ಮರೆಯಾಗಿರಬೇಕೆಂದಿದೆ. ಅದರಂತೆ ಉತ್ತರದ ಸೂರ್ಯಮೂರ್ತಿಗಳಿಗೆ ಎತ್ತರದ ಬೂಟುಗಳುಂಟು. ದಕ್ಷಿಣದ ಶಿಲ್ಪಿಗಳಾದರೋ ಅದೇ ದೇವತೆಯನ್ನು ಬರಿಗಾಲಿನಲ್ಲಿ ನಿಲ್ಲಿಸಿದರು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸನೂ ಜನರಲ್ಲಿ ಬಹುಮಂದಿ ಬರಿಗಾಲಿನವರೆಂದು ತಿಳಿಸಿ, ಚೂಪಾದ ಮೂತಿಯ ಜೋಡುಗಳನ್ನೂ, ಅಟ್ಟೆಗೆ ಬಾರುಗಳನ್ನು ಮಾತ್ರ ಕಟ್ಟಿದ ಕೆರಗಳನ್ನೂ ವರ್ಣಿಸಿದ್ದಾನೆ. ೧೭೯೯ರ ದಂಡಿನೊಡನೆ ಬಂದ ಮದರಾಸು ಸಿಪಾಯಿಗಳೂ ಮೇಲೆ ಕೆಂಪಂಗಿಯನ್ನು ತೊಟ್ಟು ಕಾಲಿಗೆ ಚಪ್ಪಲಿಯನ್ನೇ ಮೆಟ್ಟುತ್ತಿದ್ದ ಕಾಲವದು. ತಲಘಟ್ಟಪುರದ ದಾರಿಯ ಧೂಳಿನಲ್ಲಿ ಬೂಟಿನ ಗುರುತೂ ಚಪ್ಪಲಿಯ ಗುರುತೂ ಜೊತೆಯಾಗಿಯೇ ಮೂಡಿದವು.

ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪೂ ಸುಲ್ತಾನನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿ ಇರಿಸಿದರು. ಸೇನಾವೇಷದ ನಿಯಮವು ಎಷ್ಟು ದೂರ ಹೋಗಬಲ್ಲದೆಂಬುದು ಅದೇ ಕೋಟೆಯಲ್ಲಿ ಪ್ರಕಟವಾಯಿತು. ಸೇನಾಧಿಪತಿ ಸರ್ ಜಾನ್ ಕ್ರಾಡಕನ ಕಾಲದ ಹೊಸ ಕಟ್ಟಳೆಗಳು ಸಿಪಾಯಿಗಳು ಕವಾಯತಿನಲ್ಲಿ ಹಣೆಯ ಮೇಲೆ ಮತಚಿಹ್ನೆಯನ್ನೂ ಕಿವಿಯಲ್ಲಿ ಒಂಟಿಯನ್ನೂ ಧರಿಸಬಾರದೆಂದೂ ಗಡ್ಡವನ್ನು ತೆಗೆಯಬೇಕೆಂದೂ ವಿಧಿಸಿದವು. ತೊಗಲಿನ ಅಲಂಕಾರವುಳ್ಳ ಟೊಪ್ಪಿಗೆಯಂಥ ಮುಂಡಾಸನ್ನೂ ತಂದವು. ಕಾಲಿನಲ್ಲಿ ತೊಗಲನ್ನು ಸಹಿಸಿದ್ದವರು ತಲೆಯ ಮೇಲೆ ಅದನ್ನು ಸಹಿಸಲಿಲ್ಲ. ೧೮೦೬ರ ಜುಲೈ ೧೦ರಂದು ದಂಗೆಯೆದ್ದಿತು. ಅದನ್ನು ಅಡಗಿಸಿದ ಮೇಲೆ ಕಟ್ಟಳೆಗಳು ರದ್ದಾದವು. ಕ್ರಾಡಕನನ್ನೂ ಮದರಾಸಿನ ಗವರ್ನರ್ ಬೆಂಟಿಂಕನನ್ನೂ ೧೮೦೭ರಲ್ಲಿ ಹಿಂದಕ್ಕೆ ಕರೆಯಿಸಿಕೊಂಡರು. ದಂಗೆಗೆ ಬೇರೆ ಕಾರಣಗಳನ್ನೂ ಚರಿತ್ರಕಾರರು ಹೇಳುವರು. ಉಡುಪಿನ ನಿಯಮವೇ ಕಿಡಿಯಾಯಿತೆಂಬುದು ನಿರ್ವಿವಾದ.

ಈ ಅನುಭವದ ಮೇಲೂ ಪಾದರಕ್ಷೆಯ ವಿಷಯದಲ್ಲಿ ಸಮತೆಯು ಬರಲಿಲ್ಲ. ಕಂಪೆನಿಯ ಅಧಿಕಾರಿಗಳು ತಮ್ಮ ಬೂಟನ್ನು ಎಲ್ಲಿಯೂ ಕಳಚಲು ಇಷ್ಟಪಡದೆ, ತಮ್ಮ ಮುಂದೆ ಬರುವ ಭಾರತೀಯರು ಮಾತ್ರ ಜೋಡನ್ನು ಹೊರಗೆ ಬಿಡಬೇಕೆಂದು ಅಪೇಕ್ಷಿಸಿದರು. ೧೮೫೪ರಲ್ಲಿ ಡಾಲ್‌ಹೌಸಿಯ ಸರ್ಕಾರವು ಒಂದು ನಿರ್ಣಯವನ್ನು ಮಾಡಿ, ದರ್ಬಾರು ಮೊದಲಾದ ಸಂದರ್ಭಗಳಲ್ಲಿ ಯೂರೋಪಿಯನ್ ಮಾದರಿಯ ಬೂಟು ತೊಟ್ಟ ಭಾರತೀಯರು ಅದನ್ನು ಕಳಚದೆ ಬರಬಹುದೆಂದು ಅನುಮತಿಯಿತ್ತಿತು. ದೇಶೀಯ ಜೋಡನ್ನು ಮೆಟ್ಟಿದವರಿಗೆ ಈ ಅನುಮತಿಯಿರಲಿಲ್ಲ. ಇಲ್ಲಿ ಸೂಕ್ಷ್ಮವಾಗಿ ಗಮನಿಸತಕ್ಕ ಅಂಶವೊಂದಿದೆ. ತೊಗಲು ಎರಡರಲ್ಲಿಯೂ ಒಂದೇ, ಕಾಲೂ ಒಂದೇ. ಹೊಲಿಗೆಯ ಮಾದರಿಯೊಂದರಿಂದಲೇ ಮನುಷ್ಯನು ಗೌರವಕ್ಕೆ ಪಾತ್ರನಾಗುವನೋ ಇಲ್ಲವೋ ಎಂಬುದು ನಿರ್ಣಯವಾಗತೊಡಗಿತು. ಅಶುಚಿಯ ಮಾತು ಅಲ್ಲಿಗೆ ನಿಂತು, ಅಧಿಕಾರದ ಮಾತು ಬಯಲಾಯಿತು.

ಬರ್ಮಾ ದೇಶದ ಪ್ರಸಂಗವು ಇದನ್ನೇ ಸಮರ್ಥಿಸುತ್ತದೆ. ಅಲ್ಲಿಯ ಅರಸ ಮಿಂಡೋನನ ಮುಂದೆ ಬ್ರಿಟಿಷ್ ರಾಯಭಾರಿಗಳು ಬೂಟನ್ನು ಕಳಚಿ ನೆಲದ ಮೇಲೆ ಕುಳಿತುಕೊಳ್ಳುವುದು ವಾಡಿಕೆಯಾಗಿತ್ತು. ೧೮೭೫ರಲ್ಲಿ ಫಾರ್ಸಿತನು ಹಾಗೆ ಮಾಡಿದ ಬಳಿಕ, ಇನ್ನು ಮುಂದೆ ಕಳಚಬಾರದೆಂದು ಭಾರತ ಸರ್ಕಾರವು ನಿಯಮಿಸಿತು. ಅರಸನು ಒಪ್ಪಲಿಲ್ಲ, ರೆಸಿಡೆಂಟನಿಗೆ ರಾಜದರ್ಶನವು ನಿಂತುಹೋಯಿತು. ಹತ್ತು ವರ್ಷಗಳಲ್ಲಿ ಆ ರಾಜ್ಯವೂ ಹೋಯಿತು.

ಮೈಸೂರಿನ ಅರಮನೆಯು ಬೇರೆ ದಾರಿಯನ್ನು ಹಿಡಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಿಂದ ದಸರೆಯಲ್ಲಿ ವಿಶೇಷ ದರ್ಬಾರು ರೂಢಿಗೆ ಬಂದು, ಯೂರೋಪಿಯನ್ನರಿಗಾಗಿ ಪ್ರತ್ಯೇಕ ದರ್ಬಾರೂ ಏರ್ಪಟ್ಟಿತು. ಆಸ್ಥಾನಿಕರು ನಿಲುವಂಗಿಯನ್ನೂ ಜರಿಯ ರುಮಾಲನ್ನೂ ಧರಿಸಿ ನೆಲಹಾಸಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಪರಕೀಯರಿಗೆ ಕುರ್ಚಿಗಳನ್ನು ಹಾಕಿಸುತ್ತಿದ್ದರು. ಎರಡು ಮರ್ಯಾದೆಗಳನ್ನು ಒಂದೇ ಮುಹೂರ್ತದಲ್ಲಿ ಎದುರುಬದುರಾಗಿ ನಿಲ್ಲಿಸದಿರುವ ಉಪಾಯವು ಈ ಏರ್ಪಾಡಿನಲ್ಲಿ ಅಡಗಿತ್ತೆಂದು ಊಹಿಸುವುದಕ್ಕೆ ಅವಕಾಶವಿದೆ. ಬೂಟಿಗೂ ಅದರದೇ ಆದ ಸ್ಥಾನವು ದೊರೆಯಿತು. ೧೮೯೨ರಲ್ಲಿ ಏರ್ಪಟ್ಟ ಇಂಪೀರಿಯಲ್ ಸೇವೆಯ ಮೈಸೂರು ಲ್ಯಾನ್ಸರ್ಸ್ ದಳವು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರದ ಯುದ್ಧದಲ್ಲಿ ಜೋಧಪುರದವರೊಡನೆ ಕೀರ್ತಿಯನ್ನು ಗಳಿಸಿತು. ಸ್ವಾತಂತ್ರ್ಯಾನಂತರ ಈ ದಳದವರು ಸೇರಿಹೋದ ೬೧ನೆಯ ಅಶ್ವದಳದಲ್ಲಿ ಸವಾರಿಯ ಬೂಟೂ ಹಿಮ್ಮಡಿಮುಳ್ಳೂ ವಿಧ್ಯುಕ್ತವೇಷದ ಅಂಗಗಳಾಗಿ ಉಳಿದಿವೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಬೂಟನ್ನು ತೊಡುವ ನಿಯಮವಾಗಲಿ ಕಳಚುವ ನಿಯಮವಾಗಲಿ ತನ್ನಷ್ಟಕ್ಕೆ ಉತ್ತಮವೂ ಅಲ್ಲ, ಅಧಮವೂ ಅಲ್ಲ. ರಣದಲ್ಲಿಯೂ ಸವಾರಿಯಲ್ಲಿಯೂ ಬೂಟು ಕಾಲನ್ನು ಕಾಯುತ್ತದೆ. ಸಭೆಯಲ್ಲಿ ಅದನ್ನು ತೊಡುವುದೋ ಬಿಡುವುದೋ ಆ ಸಭೆಯ ಒಡೆಯನು ಪಾಲಿಸುವ ಆಚಾರಕ್ಕೆ ಸೇರಿದುದು. ಒಬ್ಬನು ತನ್ನ ಆಚಾರವನ್ನು ಪರರ ಸಭೆಯಲ್ಲಿಯೂ ಬಿಡದೆ, ತನ್ನ ಸಭೆಗೆ ಬಂದ ಪರರಿಂದ ಅವರ ಆಚಾರವನ್ನೇ ತನಗೆ ವಂದನೆಯಾಗಿ ಪಡೆದಾಗ ನಿಯಮವು ನೀತಿಯನ್ನು ಕಳೆದುಕೊಳ್ಳುತ್ತದೆ. ದೇಶೀಯ ಜೋಡನ್ನು ಬಾಗಿಲಲ್ಲಿ ತಡೆದ ೧೮೫೪ರ ನಿರ್ಣಯದ ದೋಷವು ಇದೇ.